ಹಿತ್ತಲಿನಾಚೆ ಚಿರತೆ: ಮನೆಮಂದಿ ತಿಳಿದಿರಬೇಕಾದದ್ದು

ಚಿರತೆ ಕಾಣಿಸಿಕೊಂಡ ಸುದ್ದಿ ಪತ್ರಿಕೆಯ ಜಿಲ್ಲಾ ಪುಟದಲ್ಲಿ ಬಾರದ ವಾರವೇ ಈಗ ಅಪರೂಪ. ಒಂದು ದಿನ ಕೊಟ್ಟಿಗೆಯಿಂದ ಕರುವನ್ನು ಎಳೆದೊಯ್ದಿರುತ್ತದೆ. ಇನ್ನೊಂದು ದಿನ ಊರಂಚಿನ ಬಡಾವಣೆಯಲ್ಲಿ ನಾಯಿಯ ಬೆನ್ನು ಹತ್ತಿದ್ದು ಯಾರದೋ ಮನೆಯ ಕ್ಯಾಮೆರಾದಲ್ಲಿ ಸೆರೆಯಾಗಿರುತ್ತದೆ. ಮತ್ತೊಂದು ದಿನ ಕಬ್ಬು ಕಡಿಯುವವರಿಗೆ ಅದರ ಮರಿಗಳು ಸಿಕ್ಕಿರುತ್ತವೆ. ಇದೆಲ್ಲ ಅರಣ್ಯ ಇಲಾಖೆಯವರ ವಿಚಾರ, ಆರೋಗ್ಯದ ಅಂಕಣಕ್ಕೂ ಇದಕ್ಕೂ ಏನು ಸಂಬಂಧ ಎಂದು ಓದುಗರು ಕೇಳಬಹುದು. ಸಂಬಂಧ ಎರಡು ಕಡೆಯಿಂದಲೂ ಇದೆ. ಚಿರತೆಯನ್ನು ಮನೆಯ ಹತ್ತಿರಕ್ಕೆ ಕರೆತರುವ ಕಾರಣಗಳಲ್ಲಿ ಹೆಚ್ಚಿನವು ನಮ್ಮ ನೈರ್ಮಲ್ಯಕ್ಕೆ ಸೇರಿದವು. ಇನ್ನು ಅದು ಮೈಮೇಲೆ ಎರಗಿ ಬಿಟ್ಟು ಹೋದಾಗ, ಗಾಯಗೊಂಡವರ ಮುಂದಿನ ಗತಿ ಮೊದಲ ಒಂದು ಗಂಟೆಯಲ್ಲಿ ಮನೆಯವರು ಏನು ಮಾಡಿದರು, ಏನು ಮಾಡಲಿಲ್ಲ ಎಂಬುದನ್ನು ಅವಲಂಬಿಸಿರುತ್ತದೆ.

ಮೊದಲು ಲೆಕ್ಕ ನೋಡೋಣ. 2022ರಲ್ಲಿ ನಡೆದು 2024ರ ಫೆಬ್ರುವರಿಯಲ್ಲಿ ಪ್ರಕಟವಾದ ಅಂದಾಜಿನ ಪ್ರಕಾರ ಭಾರತದಲ್ಲಿ ಸುಮಾರು 13,874 ಚಿರತೆಗಳಿವೆ. ಮಧ್ಯಪ್ರದೇಶ, ಮಹಾರಾಷ್ಟ್ರಗಳ ನಂತರ ಮೂರನೆಯ ಸ್ಥಾನ ಕರ್ನಾಟಕದ್ದು, ಇಲ್ಲಿ 1,879. ಈ ಎಣಿಕೆ ಮುಖ್ಯವಾಗಿ ಹುಲಿಗಳಿರುವ ಕಾಡುಗಳಲ್ಲಿ ನಡೆದದ್ದು. ಕಬ್ಬಿನ ಗದ್ದೆ, ಬಂಡೆಗುಡ್ಡ, ಪಾಳುಬಿದ್ದ ಕಲ್ಲುಕ್ವಾರಿ, ಲಂಟಾನದ ಪೊದೆಗಳಲ್ಲಿ ಕಾಲ ಹಾಕುವ ಚಿರತೆಗಳೆಲ್ಲ ಇದರಲ್ಲಿ ಬಂದಿಲ್ಲ. ತುಮಕೂರು, ರಾಮನಗರ, ಮಂಡ್ಯ, ಮೈಸೂರು ಸೀಮೆಯ ಜನರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 'ಕಾಡಿನಿಂದ ನಾಡಿಗೆ ಬಂದ ಚಿರತೆ' ಎಂಬ ಮಾತನ್ನು ನಾವು ಅಭ್ಯಾಸಬಲದಿಂದ ಬರೆಯುತ್ತೇವೆ. ಎಷ್ಟೋ ಕಡೆ ಅದು ಎಲ್ಲಿಂದಲೂ ಬಂದದ್ದಲ್ಲ. ಕಬ್ಬಿನ ತೋಟದಲ್ಲೇ ಹುಟ್ಟಿ, ಅಲ್ಲೇ ಬೆಳೆದು, ಹಗಲೆಲ್ಲ ನಮ್ಮಿಂದ ನೂರು ಮಾರು ದೂರದಲ್ಲಿ ಮಲಗಿದ್ದದ್ದು.

ಹಾಗಿದ್ದರೂ ವರ್ಷಗಟ್ಟಲೆ ಏನೂ ಆಗುವುದಿಲ್ಲ. ಆದಾಗ ಮಾತ್ರ ಊರಿಗೆ ಊರೇ ನಲುಗುತ್ತದೆ. ಮೈಸೂರು ಜಿಲ್ಲೆಯ ತಿ. ನರಸೀಪುರ ತಾಲ್ಲೂಕು ದಟ್ಟ ಕಾಡಿನ ಸೀಮೆಯಲ್ಲ, ನಾಲೆ ನೀರಾವರಿಯ ಸೀಮೆ. ಅಲ್ಲಿ 2022ರ ಅಕ್ಟೋಬರ್ ಕೊನೆಯಿಂದ 2023ರ ಜನವರಿಯವರೆಗೆ, ಮೂರು ತಿಂಗಳೊಳಗೆ, ನಾಲ್ವರು ಚಿರತೆಗೆ ಬಲಿಯಾದರು. ಅವರಲ್ಲಿ ಕಾಲೇಜಿಗೆ ಹೋಗುತ್ತಿದ್ದ ತರುಣಿಯಿದ್ದಳು, ವಯಸ್ಸಾದ ಹೆಂಗಸಿದ್ದರು, 11 ವರ್ಷದ ಹುಡುಗನಿದ್ದ. ಅದಾದ ಬಳಿಕ ಮೈಸೂರಿನಲ್ಲಿ ಚಿರತೆ ಕಾರ್ಯಪಡೆ ರಚನೆಯಾಯಿತು. ಅದಕ್ಕೂ ಮುಂಚೆ, 2020ರ ಮೇ ತಿಂಗಳಲ್ಲಿ, ಮಾಗಡಿ ತಾಲ್ಲೂಕಿನಲ್ಲಿ ಮನೆಯೊಳಗೆ ಮಲಗಿದ್ದ ಮೂರು ವರ್ಷದ ಮಗುವನ್ನು ಚಿರತೆ ಹೊತ್ತೊಯ್ದಿತ್ತು. ಬೇಸಗೆಯ ಸೆಕೆಗೆ ಬಾಗಿಲು ತೆರೆದಿಟ್ಟು ಮಲಗುವುದು ನಮ್ಮ ಹಳ್ಳಿಗಳಲ್ಲಿ ತಲೆತಲಾಂತರದಿಂದ ನಡೆದುಬಂದ ರೂಢಿ ಎಂಬುದನ್ನು ಇಲ್ಲಿ ನೆನೆಯಬೇಕು.

ಹಿಡಿದು ಸಾಗಿಸಿದರೆ ಆಯಿತೇ?

'ಬೋನಿಟ್ಟು ಹಿಡಿದು ದೂರದ ಕಾಡಿಗೆ ಬಿಟ್ಟು ಬನ್ನಿ' ಎಂಬುದು ಎಲ್ಲರಿಗೂ ತೋಚುವ ಮದ್ದು. ಈ ಮದ್ದನ್ನು ಮಹಾರಾಷ್ಟ್ರದ ಜುನ್ನರ್ ಭಾಗದಲ್ಲಿ ದೊಡ್ಡ ಪ್ರಮಾಣದಲ್ಲಿ ಪ್ರಯೋಗಿಸಿ ನೋಡಲಾಗಿದೆ. ಅದೂ ನಮ್ಮ ಮಂಡ್ಯದ ಹಾಗೆ ಕಬ್ಬಿನ ಸೀಮೆ. ವನ್ಯಜೀವಿ ವಿಜ್ಞಾನಿ ವಿದ್ಯಾ ಆತ್ರೇಯ ಮತ್ತು ಸಂಗಡಿಗರು 2011ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಚಿರತೆಗಳನ್ನು ಹಿಡಿದು ಬೇರೆಡೆ ಬಿಡುವ ಮುನ್ನ ಅಲ್ಲಿ ಮನುಷ್ಯರ ಮೇಲೆ ವರ್ಷಕ್ಕೆ ಸರಾಸರಿ 4 ದಾಳಿಗಳು ನಡೆಯುತ್ತಿದ್ದವು. ಹಿಡಿದು ಸಾಗಿಸಲು ತೊಡಗಿದ ಮೇಲೆ, 2001ರಿಂದ 2003ರ ಅವಧಿಯಲ್ಲಿ, ಅದು 17ಕ್ಕೆ ಏರಿತು. ಸಾವಿನ ಪ್ರಮಾಣವೂ ಹೆಚ್ಚಿತು. ಜಾಗ ಬದಲಾದ ಪ್ರಾಣಿ ದಿಕ್ಕುತಪ್ಪಿ ಅಲೆಯುತ್ತದೆ. ಖಾಲಿಯಾದ ಜಾಗಕ್ಕೆ ಇನ್ನೊಂದು ಬಂದು ಸೇರುತ್ತದೆ. ಮನುಷ್ಯರನ್ನೇ ಗುರಿಮಾಡಿಕೊಂಡ ಪ್ರಾಣಿಯನ್ನು ಹಿಡಿಯಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಕಣ್ಣಿಗೆ ಬಿದ್ದದ್ದನ್ನೆಲ್ಲ ಹಿಡಿಸಿ ಸಾಗಿಸುವುದು, ಜ್ವರದ ಕಾರಣ ಹುಡುಕದೆ ಮಾತ್ರೆ ನುಂಗುತ್ತಾ ಹೋದಂತೆ.

ಕಾರಣ ಹುಡುಕಿದರೆ ಸಿಗುವುದು ನಾಯಿ. ಮಹಾರಾಷ್ಟ್ರದ್ದೇ ಅಕೋಲೆ ಎಂಬ ಕೃಷಿ ಪ್ರದೇಶದಲ್ಲಿ ಚಿರತೆಗಳ ಮಲವನ್ನು ಪರೀಕ್ಷಿಸಿದಾಗ, ಅವು ತಿಂದದ್ದರ ತೂಕದಲ್ಲಿ ಶೇಕಡಾ 87ರಷ್ಟು ಸಾಕುಪ್ರಾಣಿಗಳೇ ಎಂದು ತಿಳಿಯಿತು. ನಾಯಿಯದೇ ಶೇಕಡಾ 39. ನಾಯಿಗಳು ಏಕೆ ಇಷ್ಟೊಂದು ಇವೆ ಎಂದು ಕೇಳಿದರೆ ಊರಾಚೆಯ ತಿಪ್ಪೆಗೆ ಹೋಗಿ ನೋಡಬೇಕು. ಕೋಳಿ ಅಂಗಡಿಯವರು ಚೀಲಗಟ್ಟಲೆ ಕರುಳು, ಪುಕ್ಕ, ಕಾಲುಗಳನ್ನು ಕೆರೆ ಏರಿಯ ಮೇಲೆ ಸುರಿಯುತ್ತಾರೆ. ಕಲ್ಯಾಣ ಮಂಟಪದ ಎಂಜಲೆಲೆ ಹಿಂದಿನ ಖಾಲಿ ನಿವೇಶನಕ್ಕೆ ಬೀಳುತ್ತದೆ. ಸತ್ತ ಕರುವನ್ನು ಹೂಳುವ ಬದಲು ಹಳ್ಳಕ್ಕೆ ಎಸೆಯುವವರೂ ಇದ್ದಾರೆ. ಇವನ್ನು ತಿಂದು ನಾಯಿ, ಹಂದಿ, ಹೆಗ್ಗಣಗಳು ಬೆಳೆಯುತ್ತವೆ. ನಾಯಿ, ಹಂದಿಯನ್ನು ಅರಸಿ ಚಿರತೆ ಬರುತ್ತದೆ. ನಾಯಿಕಡಿತ, ಇಲಿಜ್ವರ, ಭೇದಿಗಳಿಗೆ ಕಾರಣವಾಗುವ ಅದೇ ತಿಪ್ಪೆ ಚಿರತೆಗೂ ಊಟದ ದಾರಿ ತೋರಿಸುತ್ತದೆ ಎಂದ ಮೇಲೆ ಇದು ಆರೋಗ್ಯ ಇಲಾಖೆಯ ವಿಷಯವೂ ಹೌದಲ್ಲವೇ? ಗ್ರಾಮ ಪಂಚಾಯಿತಿಗೆ 'ಬೋನು ಇಡಿಸಿ' ಎಂದು ಅರ್ಜಿ ಕೊಡುವವರು ಅದೇ ಹಾಳೆಯಲ್ಲಿ 'ಕೋಳಿ ತ್ಯಾಜ್ಯ ಸುರಿಯುವುದನ್ನು ನಿಲ್ಲಿಸಿ' ಎಂದೂ ಬರೆಯಬಹುದು.

ಇಲ್ಲೊಂದು ಸ್ವಾರಸ್ಯವಿದೆ. ಮುಂಬಯಿಯ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದ ಸುತ್ತ ಸುಮಾರು 35 ಚಿರತೆಗಳು ವರ್ಷಕ್ಕೆ 1,500ರಷ್ಟು ಬೀದಿನಾಯಿಗಳನ್ನು ತಿನ್ನುತ್ತವೆ, ಅದರಿಂದ ಸುಮಾರು 1,000 ನಾಯಿಕಡಿತಗಳು ತಪ್ಪುತ್ತವೆ ಎಂದು 2018ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜು ಮಾಡಿತು. ಅಂದಾಜು ಅಂದಾಜೇ. ಇದನ್ನು ಓದಿ ಚಿರತೆಯನ್ನು ಪುರಸಭೆಯ ನಾಯಿ ಹಿಡಿಯುವವರ ಸಾಲಿಗೆ ಸೇರಿಸಬೇಕಾಗಿಲ್ಲ. ಆದರೆ ನಮ್ಮ ದೇಶದಲ್ಲಿ ರೇಬಿಸ್‌ನಿಂದ ಸಾಯುವವರಲ್ಲಿ ಬಹುತೇಕ ಎಲ್ಲರಿಗೂ ಅದು ಬಂದಿರುವುದು ನಾಯಿಯಿಂದ. ಯಾವುದಕ್ಕೆ ಎಷ್ಟು ಹೆದರಬೇಕು ಎಂಬ ತೂಕ ತಪ್ಪಬಾರದು ಎಂಬುದಕ್ಕಾಗಿ ಈ ಮಾತು.

ಮುಚ್ಚಂಜೆಯ ಎಚ್ಚರ

ಚಿರತೆ ಸಾಮಾನ್ಯವಾಗಿ ಸಂಜೆ ಮಬ್ಬಿನಿಂದ ಬೆಳಗಿನ ಮಬ್ಬಿನವರೆಗೆ ಓಡಾಡುವ ಪ್ರಾಣಿ. ನಮ್ಮ ಹೆಣ್ಣು ಚಿರತೆ ಮೂವತ್ತು ನಲವತ್ತು ಕಿಲೋ ತೂಗುತ್ತದೆ. ಗಂಡು ಅದಕ್ಕಿಂತ ದೊಡ್ಡದು. ಅಷ್ಟು ತೂಕದ ಬೇಟೆಗಾರ ತನಗಿಂತ ಎತ್ತರವಾಗಿ ನಿಂತ, ಮಾತನಾಡುತ್ತಾ ಬರುವ ಮನುಷ್ಯನನ್ನು ಸಾಮಾನ್ಯವಾಗಿ ತಪ್ಪಿಸಿಕೊಂಡು ಹೋಗುತ್ತದೆ. ಅಪಾಯವಿರುವುದು ಆಕಾರ ಚಿಕ್ಕದಾದಾಗ. ಮಗು ಚಿಕ್ಕದು. ಬಗ್ಗಿ ಸೌದೆ ಆಯುವ ಮುದುಕಿ, ಕುಕ್ಕರಗಾಲಲ್ಲಿ ಕೂತು ಪಾತ್ರೆ ಬೆಳಗುವ ಹೆಂಗಸು, ಚೊಂಬು ಹಿಡಿದು ಬೇಲಿಯ ಮರೆಗೆ ಹೋದವರು, ಇವರೆಲ್ಲ ಆ ಮಬ್ಬಿನಲ್ಲಿ ಚಿರತೆಯ ಕಣ್ಣಿಗೆ ಮನುಷ್ಯರಂತೆ ಕಾಣುವುದಿಲ್ಲ.

ಆದುದರಿಂದ ಮನೆಗೆ ಹೊಂದಿಕೊಂಡ ಶೌಚಾಲಯ ಚಿರತೆ ಇರುವ ಊರಿನಲ್ಲಿ ಜಂತುಹುಳು, ಕಾಮಾಲೆಗಳಿಂದ ಕಾಪಾಡುವುದಷ್ಟೇ ಅಲ್ಲ, ಪ್ರಾಣವನ್ನೂ ಕಾಪಾಡುತ್ತದೆ. ಕಟ್ಟಿಸಿದ ಶೌಚಾಲಯದಲ್ಲಿ ಸೌದೆ, ಬೆರಣಿ ತುಂಬಿಟ್ಟು ಮನೆಯವರು ಬಯಲಿಗೆ ಹೋಗುತ್ತಿದ್ದರೆ ಅದನ್ನು ಇವತ್ತೇ ಖಾಲಿ ಮಾಡಿಸಿ. ಶೌಚಾಲಯ ಮನೆಯಿಂದ ದೂರವಿದ್ದರೆ ನಡುವೆ ಒಂದು ದೀಪವಿರಲಿ; ರಾತ್ರಿ ಹೆಂಗಸರು, ಮಕ್ಕಳು ಒಬ್ಬರೇ ಹೋಗದಿರಲಿ. ಪಾತ್ರೆ ತೊಳೆಯುವ ಕಲ್ಲು, ನಲ್ಲಿ, ಸೌದೆ ಒಟ್ಟಿಲು ಪೊದೆಗೆ ಅಂಟಿಕೊಂಡಿದ್ದರೆ ಒಂದೋ ಅವನ್ನು ಈಚೆಗೆ ತನ್ನಿ, ಇಲ್ಲವೇ ಪೊದೆ ಸವರಿ. ಮನೆಯ ಸುತ್ತ ಹತ್ತು ಹದಿನೈದು ಮಾರು ಬಯಲಾಗಿದ್ದರೆ ಚಿರತೆಗೆ ಅಡಗಿ ಬರಲು ಮರೆ ಸಿಗುವುದಿಲ್ಲ. ಸಂಜೆಯ ಕೆಲಸಗಳನ್ನು ಬೆಳಕಿರುವಾಗಲೇ ಮುಗಿಸುವುದು ಒಳ್ಳೆಯದು. ಕರೆಂಟು ರಾತ್ರಿ ಮಾತ್ರ ಬರುವ ಊರುಗಳಲ್ಲಿ ಪಂಪು ಹಾಕಲು ರೈತ ಹೋಗಲೇಬೇಕು ಎಂಬುದು ನಿಜ. ಅವರಿಗೆ ಹೇಳಬಹುದಾದದ್ದು ಇಷ್ಟೆ: ಇಬ್ಬರು ಹೋಗಿ, ಬ್ಯಾಟರಿ ಹಿಡಿದು ಹೋಗಿ, ಮಾತನಾಡುತ್ತಲೋ ಮೊಬೈಲಿನಲ್ಲಿ ಹಾಡು ಹಾಕಿಕೊಂಡೋ ಹೋಗಿ. ಹಗಲು ಹೊತ್ತಿನಲ್ಲಿ ತ್ರೀಫೇಸ್ ಕೊಡಿ ಎಂದು ಕೇಳುವುದು ಈ ಸೀಮೆಗಳಲ್ಲಿ ಆರೋಗ್ಯದ ಬೇಡಿಕೆಯೂ ಹೌದು.

ಮಕ್ಕಳ ವಿಷಯದಲ್ಲಿ ಒಂದೇ ನಿಯಮ ಸಾಕು: ಕತ್ತಲಾದ ಮೇಲೆ ಒಂಟಿಯಾಗಿ ಅಂಗಡಿಗೂ ಕಳಿಸಬಾರದು. ಹಾಲಿನ ಡೇರಿಗೆ ಬೆಳಗಿನ ಐದಕ್ಕೆ ಕ್ಯಾನು ಹಿಡಿದು ಹೋಗುವ ಹುಡುಗನಿಗೂ ಇದು ಅನ್ವಯಿಸುತ್ತದೆ. ಸೆಕೆಯೆಂದು ಜಗಲಿಯ ಮೇಲೆ ಮಲಗುವುದಾದರೆ ಜಾಲರಿ ಹಾಕಿಸಿ. ಬಾಗಿಲು ತೆರೆದು ಮಲಗುವವರು ಅದಕ್ಕೆ ಅರ್ಧ ಬಾಗಿಲನ್ನೋ ತಂತಿ ಚೌಕಟ್ಟನ್ನೋ ಮಾಡಿಸಿದರೆ ಸೊಳ್ಳೆಯೂ ತಪ್ಪುತ್ತದೆ. ನಾಯಿಯನ್ನು ಬಾಗಿಲ ಬಳಿ ಸರಪಳಿಯಲ್ಲಿ ಕಟ್ಟಿ ಕಾವಲಿಗಿಟ್ಟಿದ್ದೇವೆ ಎಂದು ನಿಶ್ಚಿಂತೆಯಿಂದ ಇರುವವರುಂಟು. ಓಡಲಾಗದ ನಾಯಿ ಚಿರತೆಗೆ ಕಾವಲಾಗುವುದಿಲ್ಲ, ಹೊಸ್ತಿಲ ತನಕ ಅದನ್ನು ಕರೆತರುವ ಕರೆಯಾಗುತ್ತದೆ. ಕುರಿ, ಮೇಕೆ, ನಾಯಿಗಳನ್ನು ಮೇಲ್ಛಾವಣಿಯೂ ಗಟ್ಟಿ ಬಾಗಿಲೂ ಇರುವ ಕೊಟ್ಟಿಗೆಯೊಳಗೆ ಕೂಡಬೇಕು. ತಡಿಕೆಯ ಗೋಡೆ ಸಾಲದು.

ಎದುರಾಎದುರೇ ಕಂಡರೆ? ಓಡಬಾರದು, ಓಡುವುದನ್ನು ಅಟ್ಟುವುದು ಬೆಕ್ಕಿನ ಜಾತಿಯ ಹುಟ್ಟುಗುಣ. ಕೂರಬಾರದು, ಬಗ್ಗಬಾರದು. ಮಗುವಿದ್ದರೆ, ಕಣ್ಣನ್ನು ಪ್ರಾಣಿಯ ಮೇಲಿಟ್ಟುಕೊಂಡೇ ಎತ್ತಿ ಹೆಗಲಿಗೆ ಹಾಕಿಕೊಳ್ಳಿ. ಕೈಯೆತ್ತಿ, ಟವೆಲು ಬೀಸಿ, ದೊಡ್ಡ ದನಿಯಲ್ಲಿ ಕೂಗಿ, ಬೆನ್ನು ತೋರಿಸದೆ ಹಿಂದೆ ಸರಿಯಿರಿ. ಅದಕ್ಕೆ ಹೋಗಲು ದಾರಿ ಬಿಡಿ. ಮೇಲೆ ಬಿದ್ದೇಬಿಟ್ಟರೆ ಸತ್ತಂತೆ ಮಲಗುವುದು ಉಪಾಯವಲ್ಲ. ಗಲ್ಲವನ್ನು ಎದೆಗೊತ್ತಿ ಕುತ್ತಿಗೆ ಕಾಪಾಡಿಕೊಂಡು, ಕೈಗೆ ಸಿಕ್ಕಿದ್ದರಲ್ಲಿ ಮುಖಕ್ಕೆ, ಮೂಗಿಗೆ ಹೊಡೆಯಬೇಕು. ಕೂಗಾಟಕ್ಕೆ, ಹೊಡೆತಕ್ಕೆ ಹೆದರಿ ಅದು ಬಿಟ್ಟು ಓಡುವುದುಂಟು.

ಇನ್ನು ಮನೆಯೊಳಗೋ ಶಾಲೆಯೊಳಗೋ ಸಿಕ್ಕಿಕೊಂಡ ಚಿರತೆಯ ಸುತ್ತ ಜನ ಸೇರುವುದರ ಬಗ್ಗೆ. ಬೆಂಗಳೂರಿನ ಶಾಲೆಯೊಂದಕ್ಕೆ 2016ರ ಫೆಬ್ರುವರಿ 7ರಂದು ಚಿರತೆ ನುಗ್ಗಿದಾಗ, ಅದನ್ನು ಹಿಡಿಯುವ ಕಾರ್ಯಾಚರಣೆಯಲ್ಲಿ ವನ್ಯಜೀವಿ ತಜ್ಞ ಸಂಜಯ್ ಗುಬ್ಬಿಯವರೂ ಸೇರಿ ಹಲವರು ಗಾಯಗೊಂಡರು. ಆ ದಿನ ಭಾನುವಾರವಾದ್ದರಿಂದ ಮಕ್ಕಳಿರಲಿಲ್ಲ. ಬಲ್ಲವರಿಗೇ ಹೀಗಾಗುವಲ್ಲಿ, ಗೋಡೆ ಹತ್ತಿ ಮೊಬೈಲು ಹಿಡಿದು ನಿಂತ ಹುಡುಗರ ಪಾಡೇನು? ಅರಿವಳಿಕೆಯ ಚುಚ್ಚುಮದ್ದು ತಾಕಿದರೂ ಪ್ರಾಣಿ ಮಲಗಲು ಹಲವು ನಿಮಿಷ ಬೇಕು. ಆ ಹೊತ್ತಿನಲ್ಲಿ ಅದು ದಿಕ್ಕೆಟ್ಟು ಓಡುತ್ತದೆ. ಬಾಗಿಲು ಹಾಕಿಕೊಂಡು ಮನೆಯೊಳಗಿರಿ. ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೋ 112ಕ್ಕೋ ಕರೆ ಮಾಡಿ.

ಗಾಯವಾದಾಗ

ಚಿರತೆಯ ಗಾಯ ಮೇಲ್ನೋಟಕ್ಕೆ ಮೋಸ ಮಾಡುತ್ತದೆ. ಉಗುರಿನ ಗೀರುಗಳು ಉದ್ದವಾಗಿ, ರಕ್ತ ಸುರಿದು ಗಾಬರಿ ಹುಟ್ಟಿಸುತ್ತವೆ. ಆದರೆ ಹೆಚ್ಚು ಅಪಾಯಕಾರಿಯಾದದ್ದು ಕೋರೆಹಲ್ಲು ಇಳಿದ ರಂಧ್ರ. ಹೊರಗೆ ಬಟಾಣಿ ಕಾಳಿನಷ್ಟು ತೂತು, ಒಳಗೆ ಒಂದೆರಡು ಅಂಗುಲ ಆಳ. ಬೆಕ್ಕಿನ ಜಾತಿಯ ಬಾಯಲ್ಲಿ ಪಾಶ್ಚುರೆಲ್ಲ ಎಂಬ ರೋಗಾಣು ಸದಾ ವಾಸಿಸುತ್ತದೆ. ಉಗುರಿನ ಸಂದಿಯಲ್ಲಿ ಕೊಳೆತ ಮಾಂಸದ ಕೊಳೆಯಿರುತ್ತದೆ. ಇವು ಆಳಕ್ಕೆ ಇಳಿದ ಮೇಲೆ ರಂಧ್ರದ ಬಾಯಿ ಮುಚ್ಚಿಕೊಳ್ಳುತ್ತದೆ, ಒಂದು ದಿನ ಕಳೆಯುವುದರೊಳಗೆ ಬಾವು, ಕೆಂಪು, ಸಿಡಿತ ಶುರುವಾಗುತ್ತದೆ.

ಮೊದಲ ಕೆಲಸ ರಕ್ತ ನಿಲ್ಲಿಸುವುದು. ಚಿಮ್ಮುತ್ತಿರುವ ರಕ್ತವಿದ್ದರೆ ತೊಳೆಯುತ್ತಾ ಕೂರಬೇಡಿ. ಒಗೆದ ಪಂಚೆಯನ್ನೋ ಸೀರೆಯ ತುಂಡನ್ನೋ ಮಡಿಸಿ ಗಾಯದ ಮೇಲಿಟ್ಟು ಅಂಗೈಯಿಂದ ಬಲವಾಗಿ ಒತ್ತಿ ಹಿಡಿಯಿರಿ. ಬಟ್ಟೆ ನೆನೆದರೆ ತೆಗೆಯದೆ ಅದರ ಮೇಲೆ ಇನ್ನೊಂದಿಟ್ಟು ಒತ್ತಿ. ಕುತ್ತಿಗೆಯ ಗಾಯವಾದರೆ ಗಾಯವಿರುವ ಕಡೆ ಮಾತ್ರ ಒತ್ತಬೇಕು, ಎರಡೂ ಕಡೆ ಹಿಚುಕಬಾರದು. ಚಿರತೆ ಬಹಳ ಸಲ ಹಿಡಿಯುವುದೇ ಕುತ್ತಿಗೆಯನ್ನು. ಅಲ್ಲಿ ಮೂಳೆಗೂ ಏಟಾಗಿರಬಹುದಾದ್ದರಿಂದ ತಲೆ ಅಲ್ಲಾಡದಂತೆ ಒಬ್ಬರು ಹಿಡಿದುಕೊಂಡು, ಹಲಗೆಯಂಥದರ ಮೇಲೆ ಮಲಗಿಸಿ ಸಾಗಿಸಬೇಕು. ಬೈಕಿನಲ್ಲಿ ಇಬ್ಬರ ನಡುವೆ ಕೂರಿಸಿಕೊಂಡು ಹೋಗುವುದು ಕೊನೆಯ ದಾರಿ. 108ಕ್ಕೆ ಫೋನು ಮೊದಲ ದಾರಿ. ನೀರು, ಕಾಫಿ ಕುಡಿಸಬೇಡಿ. ಆಸ್ಪತ್ರೆಯಲ್ಲಿ ಅರಿವಳಿಕೆ ಕೊಡಬೇಕಾಗಿ ಬಂದರೆ ತುಂಬಿದ ಹೊಟ್ಟೆ ತೊಂದರೆ ಕೊಡುತ್ತದೆ.

ರಕ್ತ ಹತೋಟಿಯಲ್ಲಿದ್ದರೆ, ಅಥವಾ ಗಾಯ ಸಣ್ಣದಾಗಿದ್ದರೆ, ಆ ಕ್ಷಣದ ಮಹಾ ಔಷಧ ಸೋಪು ಮತ್ತು ಹರಿಯುವ ನೀರು. ಮೈಗೆ ಹಚ್ಚುವ ಸೋಪಾದರೂ ಸರಿ, ಬಟ್ಟೆ ಸೋಪಾದರೂ ಸರಿ. ಗಡಿಯಾರ ನೋಡಿಕೊಂಡು ಹದಿನೈದು ನಿಮಿಷ ತೊಳೆಯಬೇಕು. ಹದಿನೈದು ನಿಮಿಷ ಎಂದರೆ ಎಷ್ಟು ದೀರ್ಘ ಎಂಬುದು ತೊಳೆದು ನೋಡಿದವರಿಗೇ ಗೊತ್ತು. ಹೆಚ್ಚಿನವರು ಎರಡು ಚೊಂಬು ನೀರಿಗೆ ನಿಲ್ಲಿಸುತ್ತಾರೆ. ತೊಳೆದ ಮೇಲೆ ಪೊವಿಡೋನ್ ಅಯೋಡಿನ್ ಇದ್ದರೆ ಹಚ್ಚಿ. ಇಲ್ಲದಿದ್ದರೆ ಸ್ವಚ್ಛ ಬಟ್ಟೆ ಹೊದಿಸಿ, ಅಷ್ಟೆ. ಅರಿಶಿನ, ಕಾಫಿಪುಡಿ, ಸುಣ್ಣ, ಹೊಗೆಸೊಪ್ಪು, ಖಾರದ ಪುಡಿ, ಸೊಪ್ಪಿನ ರಸ ಇವು ಯಾವುವೂ ಬೇಡ. ಆಸ್ಪತ್ರೆಯಲ್ಲಿ ಇವನ್ನೆಲ್ಲ ಕೆರೆದು ತೆಗೆಯುವುದರಲ್ಲೇ ಹೊತ್ತು ಹೋಗುತ್ತದೆ, ರೋಗಿಗೆ ನೋವು ಬೇರೆ. ತಲೆಯ ಚರ್ಮವೋ ಕಿವಿಯೋ ಕಿತ್ತು ಬಂದಿದ್ದರೆ ಆ ತುಂಡನ್ನು ಬಿಸಾಡಬೇಡಿ. ಒದ್ದೆ ಸ್ವಚ್ಛ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಆ ಚೀಲವನ್ನು ಮಂಜುಗಡ್ಡೆಯಿರುವ ಪಾತ್ರೆಯಲ್ಲಿಟ್ಟು ಜೊತೆಗೆ ಕೊಂಡೊಯ್ಯಿರಿ. ಮಂಜುಗಡ್ಡೆ ತುಂಡಿಗೆ ನೇರವಾಗಿ ತಾಗಬಾರದು.

'ಬರೀ ಉಗುರು ತಾಕೈತೆ ಬಿಡಿ ಸಾರ್, ಕಾಡುಪ್ರಾಣಿಗೆಲ್ಲಿ ಹುಚ್ಚು ಹಿಡೀತದೆ?' ಈ ಮಾತನ್ನು ಹಳ್ಳಿಯ ಕಡೆಯ ವೈದ್ಯರು ಕೇಳಿಯೇ ಇರುತ್ತಾರೆ. ಚಿರತೆಗೆ ರೇಬಿಸ್ ತಗಲುವುದು ಅಪರೂಪವೇ. ಆದರೆ ಬೆಚ್ಚಗಿನ ರಕ್ತದ, ಮೊಲೆಯುಣಿಸುವ ಯಾವ ಪ್ರಾಣಿಗೂ ಅದು ತಗಲಬಹುದು. ನಾಯಿಯನ್ನೇ ತಿಂದು ಬದುಕುವ ಪ್ರಾಣಿಗೆ ತಗಲುವುದಿಲ್ಲ ಎನ್ನಲು ಆಧಾರವೇನು? ಸಾಕುನಾಯಿ ಕಚ್ಚಿದಾಗ ಹತ್ತು ದಿನ ಅದರ ಮೇಲೆ ಕಣ್ಣಿಡುವ ಅವಕಾಶವಿದೆ. ಚಿರತೆಯ ಮೇಲೆ ಕಣ್ಣಿಡುವವರು ಯಾರು? ಆದ್ದರಿಂದ ಕಾಡುಪ್ರಾಣಿಯ ಕಡಿತವನ್ನೂ, ರಕ್ತ ಬಂದ ಗೀರನ್ನೂ ಮೂರನೆಯ ದರ್ಜೆಯ, ಅಂದರೆ ಅತಿ ಗಂಭೀರ ದರ್ಜೆಯ ಗಾಯವೆಂದೇ ಪರಿಗಣಿಸಲಾಗುತ್ತದೆ. ರೇಬಿಸ್‌ನ ಲಕ್ಷಣ ಒಮ್ಮೆ ಕಾಣಿಸಿಕೊಂಡ ಮೇಲೆ ಉಳಿದವರು ಇಲ್ಲವೆಂಬಷ್ಟು ವಿರಳ. ಲಕ್ಷಣಕ್ಕೆ ಮುಂಚೆ ಸರಿಯಾಗಿ ಚಿಕಿತ್ಸೆ ಪಡೆದರೆ ಅದನ್ನು ತಡೆಯಬಹುದು. ತಲೆ, ಮುಖ, ಕುತ್ತಿಗೆ, ಕೈಬೆರಳುಗಳ ಗಾಯದಲ್ಲಿ ವಿಷಾಣು ಬೇಗ ಮಿದುಳು ಸೇರುವುದರಿಂದ ತಡಮಾಡಲು ವ್ಯವಧಾನವಿಲ್ಲ.

ಚಿಕಿತ್ಸೆ ಎರಡು ಭಾಗದ್ದು. ಮೊದಲನೆಯದು ಇಮ್ಯುನೊಗ್ಲಾಬ್ಯುಲಿನ್, ಅಂದರೆ ಸಿದ್ಧ ಪ್ರತಿಕಾಯಗಳು. ಇದನ್ನು ದೇಹತೂಕಕ್ಕೆ ತಕ್ಕಂತೆ ಅಳೆದು ಗಾಯದ ಒಳಗೂ ಸುತ್ತಲೂ ಚುಚ್ಚಬೇಕು. ಗಾಯಗಳು ಹಲವಾಗಿದ್ದು ಔಷಧ ಸಾಲದಿದ್ದರೆ ಅದನ್ನು ಸಲೈನಿನಲ್ಲಿ ತೆಳುಮಾಡಿ ಎಲ್ಲ ಗಾಯಕ್ಕೂ ತಲುಪಿಸುತ್ತಾರೆ. ಎರಡನೆಯದು ಲಸಿಕೆ. ಹೊಕ್ಕುಳ ಸುತ್ತ ಹದಿನಾಲ್ಕು ಇಂಜೆಕ್ಷನ್ ಎಂಬ ಹಳೆಯ ಭಯ ಇನ್ನೂ ಕೆಲವರಲ್ಲಿದೆ. ಆ ಕಾಲ ಎಂದೋ ಮುಗಿಯಿತು. ಈಗ ತೋಳಿಗೆ ಕೊಡುತ್ತಾರೆ: ಚರ್ಮದೊಳಗೆ ಕೊಡುವ ಕ್ರಮವಾದರೆ 0, 3, 7 ಮತ್ತು 28ನೇ ದಿನ, ಸ್ನಾಯುವಿಗಾದರೆ 14ನೇ ದಿನವೂ ಸೇರಿ ಐದು. ತಾಲ್ಲೂಕು ಆಸ್ಪತ್ರೆಯಲ್ಲಿ ಇಮ್ಯುನೊಗ್ಲಾಬ್ಯುಲಿನ್ ಇಲ್ಲವೆಂದು ಹೇಳಿದರೆ ಲಸಿಕೆಯನ್ನು ಅಲ್ಲೇ ಹಾಕಿಸಿಕೊಂಡು ಜಿಲ್ಲಾ ಆಸ್ಪತ್ರೆಗೋ ವೈದ್ಯಕೀಯ ಕಾಲೇಜಿಗೋ ಅಂದೇ ಹೋಗಬೇಕು. ಲಸಿಕೆ ಆರಂಭವಾಗಿ ಏಳು ದಿನ ಕಳೆದ ಮೇಲೆ ಅದನ್ನು ಕೊಡುವುದಿಲ್ಲ. ಗರ್ಭಿಣಿಯರಿಗೆ, ಹಾಲೂಡಿಸುವ ತಾಯಂದಿರಿಗೆ, ಹಸುಗೂಸಿಗೆ ಯಾರಿಗೂ ಈ ಲಸಿಕೆ ನಿಷಿದ್ಧವಲ್ಲ. ಮೊಟ್ಟೆ, ಮಾಂಸ, ಬದನೆಕಾಯಿಗಳ ಪಥ್ಯವೂ ಬೇಕಿಲ್ಲ. ಗಾಯ ಮಾಯಲು ಪುಷ್ಟಿಯಾದ ಊಟವೇ ಬೇಕು.

ಇದರ ಜೊತೆಗೆ ಧನುರ್ವಾಯು ತಡೆಯುವ ಚುಚ್ಚುಮದ್ದು ಮತ್ತು ಆ್ಯಂಟಿಬಯಾಟಿಕ್ ಅಗತ್ಯ. 'ಹೊಲಿಗೆ ಹಾಕದೆ ಹಾಗೇ ಬಿಟ್ಟಿದ್ದಾರೆ' ಎಂದು ಸಂಬಂಧಿಕರು ವೈದ್ಯರ ಮೇಲೆ ರೇಗುವುದುಂಟು. ಅದು ನಿರ್ಲಕ್ಷ್ಯವಲ್ಲ. ಪ್ರಾಣಿ ಕಡಿದ ಗಾಯವನ್ನು ಬಿಗಿಯಾಗಿ ಹೊಲಿದರೆ ರೋಗಾಣು ಒಳಗೇ ಸಿಕ್ಕಿಕೊಂಡು ಕೀವಾಗುತ್ತದೆ. ಮುಖದಂಥ ಕಡೆ ಹೊಲಿಯಲೇಬೇಕಾದಾಗ ಇಮ್ಯುನೊಗ್ಲಾಬ್ಯುಲಿನ್ ಕೊಟ್ಟ ಮೇಲೆ ಸಡಿಲವಾಗಿ ಹಾಕುತ್ತಾರೆ.

ಮಕ್ಕಳ ತಲೆಗೆ ಕಚ್ಚಿದ್ದರೆ ಒಂದು ವಿಶೇಷ ಎಚ್ಚರಿಕೆ. ಎಳೆಯ ಮಗುವಿನ ತಲೆಬುರುಡೆ ತೆಳು. ಕೂದಲ ನಡುವೆ ಕಾಣುವ ಸಣ್ಣ ರಂಧ್ರ ಬುರುಡೆಯನ್ನೂ ದಾಟಿರಬಹುದು. ಮಗು ಎಚ್ಚರವಾಗಿದೆ, ಹಾಲು ಕುಡಿಯುತ್ತಿದೆ ಎಂದು ಸುಮ್ಮನಾಗದೆ ತಲೆಯ ಸ್ಕ್ಯಾನ್ ಮಾಡಿಸಬೇಕು. ಮುಂದಿನ ವಾರಗಳಲ್ಲಿ ಜ್ವರ, ವಾಂತಿ, ಮಂಪರು, ಫಿಟ್ಸ್ ಕಂಡರೆ ಮಿದುಳಿಗೆ ಸೋಂಕು ತಗಲಿರಬಹುದೆಂದು ತಿಳಿದು ಆಸ್ಪತ್ರೆಗೆ ಓಡಬೇಕು.

ಹಸುವನ್ನು ಚಿರತೆ ಕಚ್ಚಿ ಬಿಟ್ಟಿದ್ದರೆ ಅದಕ್ಕೂ ಪಶುವೈದ್ಯರಿಂದ ರೇಬಿಸ್ ಲಸಿಕೆ ಹಾಕಿಸಬೇಕು. ಅದರ ಗಾಯ, ಜೊಲ್ಲನ್ನು ಬರಿಗೈಯಲ್ಲಿ ಮುಟ್ಟಬಾರದು. ಹಸಿ ಹಾಲು ಕುಡಿಯುವ ಅಭ್ಯಾಸವಿದ್ದವರು ಬಿಡಬೇಕು. ಚಿರತೆ ಅರ್ಧ ತಿಂದು ಬಿಟ್ಟ ಮೇಕೆಯ ಮಾಂಸವನ್ನು ಹಂಚಿಕೊಳ್ಳುವುದು ಬೇಡ. ಅದಕ್ಕೆ ಕ್ರಿಮಿನಾಶಕ ಬೆರೆಸಿ ಇಡುವುದಂತೂ ಕಾನೂನಿಗೂ ವಿರುದ್ಧ, ಊರಿನ ಮಕ್ಕಳಿಗೂ ದನಕರುಗಳಿಗೂ ಅಪಾಯ.

ಮಾಯದ ಭಯ

ಮೈಯ ಗಾಯ ಮಾಯ್ದ ಮೇಲೂ ಮನಸ್ಸಿನದು ಉಳಿಯುತ್ತದೆ. ದಾಳಿಗೆ ಸಿಕ್ಕಿ ಉಳಿದವರು ಮಾತ್ರವಲ್ಲ, ಕಣ್ಣಾರೆ ಕಂಡವರು, ಮಗುವನ್ನು ಕಳೆದುಕೊಂಡ ಮನೆಯ ಅಕ್ಕಪಕ್ಕದವರು ಕೂಡ ರಾತ್ರಿ ಬೆಚ್ಚಿ ಏಳುತ್ತಾರೆ. ಎಲೆ ಅಲುಗಿದರೆ ಎದೆ ಹೊಡೆದುಕೊಳ್ಳುತ್ತದೆ. ಹೊಲಕ್ಕೆ ಹೋಗಲಾಗದೆ ಕೂಲಿ ತಪ್ಪುತ್ತದೆ. ಮಕ್ಕಳಲ್ಲಿ ಇದು ಬೇರೆ ರೂಪದಲ್ಲಿ ಕಾಣುತ್ತದೆ: ಬಿಟ್ಟುಹೋಗಿದ್ದ ಹಾಸಿಗೆ ಒದ್ದೆ ಮಾಡುವ ಅಭ್ಯಾಸ ಮರಳುತ್ತದೆ, ತಾಯಿಯ ಸೆರಗು ಬಿಡುವುದಿಲ್ಲ, ಶಾಲೆಯ ಹೊತ್ತಿಗೆ ಹೊಟ್ಟೆನೋವು ಬರುತ್ತದೆ. ಅಂಥ ಮಗುವನ್ನು 'ಪುಕ್ಕಲ' ಎಂದು ಹೀಯಾಳಿಸಬೇಡಿ. ಹಟಮಾಡಿದಾಗ 'ಚಿರತೆಗೆ ಕೊಟ್ಟುಬಿಡ್ತೀನಿ' ಎಂದು ಹೆದರಿಸುವ ಅಜ್ಜಿಯರೂ ದಯವಿಟ್ಟು ಆ ಮಾತನ್ನು ಸ್ವಲ್ಪ ಕಾಲ ಮರೆಯಬೇಕು. ಸತ್ತವರ ಫೋಟೋ, ದಾಳಿಯ ವಿಡಿಯೋಗಳನ್ನು ಮೊಬೈಲಿನಲ್ಲಿ ಮತ್ತೆ ಮತ್ತೆ ಹಾಕಿ ನೋಡುವುದು ಇಡೀ ಮನೆಗೆ ಕೆಟ್ಟದ್ದು. ಎಲ್ಲೋ ಬೇರೆ ರಾಜ್ಯದ ಹಳೆಯ ವಿಡಿಯೋವನ್ನು 'ನಮ್ಮೂರ ಹತ್ತಿರ, ಈಗಷ್ಟೇ' ಎಂದು ಕಳಿಸುವವರ ಹಾವಳಿ ಚಿರತೆಗಿಂತ ಹೆಚ್ಚಾಗಿದೆ.

ಮಗುವಿಗೆ ಬೇಕಾದದ್ದು ಮಾಡಲು ಒಂದು ಕೆಲಸ. ಸಂಜೆ ದೀಪ ಹಾಕುವುದು ನಿನ್ನ ಜವಾಬ್ದಾರಿ, ಕೊಟ್ಟಿಗೆಯ ಅಗುಳಿ ಹಾಕಿದೆಯೇ ಎಂದು ನನ್ನ ಜೊತೆ ಬಂದು ನೋಡು ಎಂದು ಹೇಳಿದರೆ ಮಗುವಿನ ಭಯಕ್ಕೆ ಒಂದು ಹಿಡಿಕೆ ಸಿಗುತ್ತದೆ. ಶಾಲೆಗೆ ಮಕ್ಕಳು ಗುಂಪಾಗಿ, ಒಬ್ಬ ದೊಡ್ಡವರ ಜೊತೆ ಹೋಗುವ ಏರ್ಪಾಡಾದರೆ ಹೊಟ್ಟೆನೋವು ತಾನಾಗಿ ಕಡಿಮೆಯಾಗುವುದುಂಟು. ಒಂದು ತಿಂಗಳು ಕಳೆದರೂ ನಿದ್ದೆ ಬಾರದಿದ್ದರೆ, ಊಟ ಸೇರದಿದ್ದರೆ, ಅದೇ ದೃಶ್ಯ ಕಣ್ಣ ಮುಂದೆ ಬರುತ್ತಿದ್ದರೆ ಮನೋವೈದ್ಯರನ್ನು ಕಾಣಬೇಕು. ಟೆಲಿಮನಸ್ ಎಂಬ ಉಚಿತ ದೂರವಾಣಿ ಸೇವೆಯ ಸಂಖ್ಯೆ 14416, ಕನ್ನಡದಲ್ಲೇ ಮಾತನಾಡಬಹುದು.

ಮಲೆನಾಡಿನ ಕೆಲವೆಡೆ ದೀಪಾವಳಿಯಲ್ಲಿ ಹುಲಿದೇವರಿಗೆ ಪೂಜೆ ಸಲ್ಲಿಸಿ ಕಾಯಿ ಒಡೆಯುವ ಪದ್ಧತಿ ಇಂದಿಗೂ ಇದೆ. ದನಕರು ಕಾಪಾಡು ಎಂದು ಬೇಡಿಕೊಂಡು ಬಂದವರು ಆ ರಾತ್ರಿ ಕೊಟ್ಟಿಗೆಯ ಬಾಗಿಲನ್ನೂ ಭದ್ರಮಾಡಿಯೇ ಮಲಗುತ್ತಾರೆ.

ಕಡೆಯದಾಗಿ ಕಾಗದಪತ್ರದ ಮಾತು. ಗಾಯಗೊಂಡವರಿಗೂ ಮೃತರ ಕುಟುಂಬಕ್ಕೂ ಸರ್ಕಾರದಿಂದ ಪರಿಹಾರವುಂಟು, ಚಿಕಿತ್ಸೆಯ ವೆಚ್ಚಕ್ಕೂ ನೆರವುಂಟು. ಅದಕ್ಕೆ ಘಟನೆ ನಡೆದೊಡನೆ ವಲಯ ಅರಣ್ಯಾಧಿಕಾರಿಗೆ ತಿಳಿಸಿರಬೇಕು. ಆಸ್ಪತ್ರೆಯ ಚೀಟಿಯಲ್ಲಿ ಬರೀ 'ಗಾಯ' ಎಂದಿರದೆ 'ಚಿರತೆ ದಾಳಿಯಿಂದಾದ ಗಾಯ' ಎಂದು ಬರೆಸಿಕೊಳ್ಳಿ. ಔಷಧದ ಬಿಲ್ಲುಗಳನ್ನೂ ಲಸಿಕೆಯ ಕಾರ್ಡನ್ನೂ ಒಂದೇ ಚೀಲದಲ್ಲಿಡಿ. ಆ ಕಾರ್ಡನ್ನು ಆಗಾಗ ತೆಗೆದು ನೋಡುವುದೂ ಬೇಕು. ಗಾಯ ಒಣಗಿ ಕೆಲಸಕ್ಕೆ ಹೊರಟ ಮೇಲೆ ಜನ ಮರೆಯುವುದು 28ನೇ ದಿನದ ಚುಚ್ಚುಮದ್ದನ್ನು. ಗೋಡೆಯ ಕ್ಯಾಲೆಂಡರಿನಲ್ಲಿ ಆ ತಾರೀಖಿಗೆ ಇವತ್ತೇ ಒಂದು ಸುತ್ತು ಹಾಕಿಡಿ.